ಪಕ್ಕದ ಗೆಲಾಕ್ಸಿಗಳ ಮೈಕ್ರೋವೇವ್ ಉಬ್ಬು: 'ಸಿಗಲಿಲ್ಲ' ಎಂದು ವರದಿ ಬರೆಯಬಹುದಾ?

ಹೇಮಾವತಿ_ದಡ (ಹಾಸನ)

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಊರು ಆಲೂರಿನ ಹತ್ತಿರ. ಸಾಲಗಾಮೆ ರಸ್ತೆಯಲ್ಲಿ ಇಸ್ರೋ ಕೇಂದ್ರದ ದೊಡ್ಡ ಬಿಳಿ ಡಿಶ್‌ಗಳನ್ನು ನೋಡುತ್ತಾ ಬೆಳೆದವಳು. ಅವು ಉಪಗ್ರಹಗಳ ಜೊತೆ ಮಾತಾಡುವ ಡಿಶ್‌ಗಳು. ಚಿಕ್ಕವಳಿದ್ದಾಗ ಮಾತ್ರ ಅವು ನಕ್ಷತ್ರಗಳ ಮಾತು ಕೇಳುತ್ತವೆ ಅಂದುಕೊಂಡಿದ್ದೆ. ಆ ಆಸೆಯೇ ನನ್ನನ್ನು ರೇಡಿಯೊ ಖಗೋಳದ ಕಡೆ ಎಳೆದುಕೊಂಡು ಬಂತು.

ಈಗ ವಿಷಯಕ್ಕೆ ಬರುತ್ತೇನೆ. ಒಂದು ಗೆಲಾಕ್ಸಿಯಿಂದ ಬರುವ ರೇಡಿಯೊ ಅಲೆಗಳ ಬಲವನ್ನು ಬೇರೆ ಬೇರೆ ಆವರ್ತನದಲ್ಲಿ ಅಳೆದು ಗ್ರಾಫ್ ಹಾಕಿದರೆ ಎಡಗಡೆ ಎತ್ತರ ಇರುತ್ತದೆ, ನಡುವೆ ಇಳಿಯುತ್ತದೆ, ಬಲಗಡೆ ಮತ್ತೆ ಏರುತ್ತದೆ. ಎಡಗಡೆಯದು ಕಾಂತಕ್ಷೇತ್ರದಲ್ಲಿ ಸುತ್ತುವ ವೇಗದ ಎಲೆಕ್ಟ್ರಾನ್‌ಗಳದ್ದು, ಅಂದರೆ ಸಿಂಕ್ರೊಟ್ರಾನ್. ಜೊತೆಗೆ ಬಿಸಿ ಅನಿಲದ ಫ್ರೀ-ಫ್ರೀ ವಿಕಿರಣ ಇದೆ. ಬಲಗಡೆಯದು ತಣ್ಣನೆಯ ಧೂಳಿನ ಶಾಖ. ಈ ಮೂರನ್ನೂ ಕೂಡಿಸಿದರೆ ನಡುವಿನ ತಗ್ಗು ಇಷ್ಟೇ ಆಳ ಇರಬೇಕು ಎಂದು ಲೆಕ್ಕ ಸಿಗುತ್ತದೆ. ಆದರೆ ಕೆಲವು ಕಡೆ ಸುಮಾರು 30 ಗಿಗಾಹರ್ಟ್ಸ್ ಹತ್ತಿರ ಆ ತಗ್ಗು ತುಂಬಿಕೊಂಡಿರುತ್ತದೆ. ಅಲ್ಲೊಂದು ಉಬ್ಬು. ನಮ್ಮ ಆಕಾಶಗಂಗೆಯಲ್ಲಿ ಇದು 1996–97ರಲ್ಲೇ ಕಂಡಿತು. ಬೇರೆ ಸುರುಳಿ ಗೆಲಾಕ್ಸಿಗಳಲ್ಲಿ ಇದೆಯಾ ಎಂಬುದು ಇನ್ನೂ ಬಗೆಹರಿಯದ ಪ್ರಶ್ನೆ.

ನನ್ನ ಪ್ರಾಜೆಕ್ಟ್ ಇದರ ಮೇಲೆ. ದೂರದರ್ಶಕಗಳ ಹಳೆಯ ಡೇಟಾ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ನಾನು ಹತ್ತಿರದ ಒಂದು ಗೆಲಾಕ್ಸಿ ತೆಗೆದುಕೊಂಡೆ. ಅದರ ಹೆಸರನ್ನು ವರದಿ ಮುಗಿದ ಮೇಲೆ ಹೇಳುತ್ತೇನೆ. ಅದರ ತೋಳುಗಳಲ್ಲಿ ನಕ್ಷತ್ರ ಹುಟ್ಟುವ ಜಾಗಗಳನ್ನು ಒಂದೊಂದಾಗಿ ನೋಡಿದೆ. ಒಂದು ಕಡೆ ಉಬ್ಬು ಕಂಡಿತು! ಎರಡು ರಾತ್ರಿ ನಿದ್ದೆ ಬರಲಿಲ್ಲ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಆಮೇಲೆ ಎಲ್ಲವನ್ನೂ ಮತ್ತೆ ಮೊದಲಿಂದ ಲೆಕ್ಕ ಹಾಕಿದಾಗ ಉಬ್ಬು ಕರಗಿಹೋಯಿತು. ಈಗ ಎಲ್ಲ ಜಾಗಗಳಲ್ಲೂ ಉತ್ತರ ಒಂದೇ, ಏನೂ ಹೆಚ್ಚುವರಿ ಇಲ್ಲ.

"ಏನೂ ಸಿಗದ ಪ್ರಾಜೆಕ್ಟನ್ನು ಏನಂತ ಬರೆಯುತ್ತೀಯ? ವಿಷಯ ಬದಲಿಸು" ಎಂದು ನಮ್ಮ ವಿಭಾಗದಲ್ಲಿ ಹೇಳಿದ್ದಾರೆ. ಇನ್ನು ಎರಡೂವರೆ ತಿಂಗಳು ಇದೆ. ನನಗೆ ಬಿಡಲು ಮನಸ್ಸಿಲ್ಲ. ತಿಳಿದವರು ಹೇಳಿ.

ಗಿರಿ_ಇರುಳು (ಚಿಕ್ಕಮಗಳೂರು)

ಕಾಫಿ ಬೆಳೆಗಾರ ನಾನು, ವಿಜ್ಞಾನಿ ಅಲ್ಲ. ಆದರೆ ಮೂವತ್ತು ವರ್ಷದಿಂದ ರಾತ್ರಿ ಆಕಾಶ ನೋಡುತ್ತಿದ್ದೇನೆ. ನಮ್ಮ ತೋಟ ಮುಳ್ಳಯ್ಯನಗಿರಿಯ ಈ ಕಡೆ ಇಳಿಜಾರಿನಲ್ಲಿದೆ. ಡಿಸೆಂಬರ್ ಅಮಾವಾಸ್ಯೆಯ ಸುತ್ತಮುತ್ತ, ಮಂಜು ಇಲ್ಲದ ದಿನ, ಕಣದಲ್ಲಿ ನಿಂತರೆ ಆಂಡ್ರೊಮೀಡಾ ಗೆಲಾಕ್ಸಿ ಬರಿಗಣ್ಣಿಗೇ ಕಾಣುತ್ತದೆ. ಹತ್ತಿಯ ತುಣುಕಿನ ಹಾಗೆ. 25 ಲಕ್ಷ ವರ್ಷದ ಹಿಂದೆ ಹೊರಟ ಬೆಳಕು ಅದು. ನನ್ನ ಮೊಮ್ಮಗಳಿಗೆ ಅದನ್ನೇ ಮೊದಲು ತೋರಿಸಿದ್ದು.

ಒಂದು ಕೇಳಬೇಕು ಕಣಮ್ಮ. ನೀನು ಹೇಳುವ ಉಬ್ಬು ಯಾವುದರಿಂದ ಬರುತ್ತದೆ? ಅದನ್ನೇ ನೀನು ಬರೆದಿಲ್ಲ.

ಅರಸೀಕೆರೆ_ಮೇಷ್ಟ್ರು

ಮೂವತ್ತೆರಡು ವರ್ಷ ಪಾಠ ಮಾಡಿ ನಿವೃತ್ತನಾದವನು. ಇದಕ್ಕೆ ನಾನು ಉತ್ತರಿಸುತ್ತೇನೆ, ತಪ್ಪಿದ್ದರೆ ತಿದ್ದಿ.

ಗಿರಿಯವರೇ, ಬುಗುರಿ ನೆನೆಸಿಕೊಳ್ಳಿ. ಅದರ ಒಂದು ಬದಿಗೆ ಧನ ವಿದ್ಯುತ್, ಇನ್ನೊಂದು ಬದಿಗೆ ಋಣ ವಿದ್ಯುತ್ ಸ್ವಲ್ಪ ಜಾಸ್ತಿ ಅಂಟಿದೆ ಎಂದುಕೊಳ್ಳಿ. ಬುಗುರಿ ತಿರುಗಿದರೆ ಆ ವಿದ್ಯುತ್ತೂ ತಿರುಗುತ್ತದೆ. ತಿರುಗುವ ವಿದ್ಯುತ್ತು ಅಲೆ ಹೊರಡಿಸುತ್ತದೆ. ಸೆಕೆಂಡಿಗೆ ಎಷ್ಟು ಸುತ್ತೋ ಅದೇ ಅಲೆಯ ಆವರ್ತನ. 30 ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 3000 ಕೋಟಿ ಸುತ್ತು. ಆ ಅಲೆಯ ಉದ್ದ ಒಂದು ಸೆಂಟಿಮೀಟರ್.

ಇಷ್ಟು ಜೋರಾಗಿ ಯಾವುದು ತಿರುಗುತ್ತದೆ? ತೀರಾ ಚಿಕ್ಕದು ಮಾತ್ರ. ನಕ್ಷತ್ರಗಳ ನಡುವಿನ ಧೂಳಿನಲ್ಲಿ ನೂರಾರು ಪರಮಾಣುಗಳಷ್ಟೇ ಇರುವ ಕಣಗಳಿವೆ. ಅಗಲ ಸುಮಾರು ಒಂದು ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ಅನಿಲದ ಪರಮಾಣು ಬಂದು ಬಡಿಯುತ್ತದೆ. ವಿದ್ಯುತ್ ಹೊತ್ತ ಅಯಾನು ಪಕ್ಕದಲ್ಲೇ ಹಾದುಹೋಗಿ ಎಳೆಯುತ್ತದೆ. ನಕ್ಷತ್ರದ ಬೆಳಕು ಬಿದ್ದು ಕಣ ಕಂಪಿಸುತ್ತದೆ. ಈ ಎಲ್ಲ ತಳ್ಳಾಟದಲ್ಲಿ ಕಣ ತಿರುಗತೊಡಗುತ್ತದೆ. ದೊಡ್ಡ ಕಣಕ್ಕೆ ಅಷ್ಟೇ ಶಕ್ತಿ ಸಿಕ್ಕರೂ ನಿಧಾನವಾಗಿ ತಿರುಗುತ್ತದೆ. ಚಿಕ್ಕದು ಹುಚ್ಚಾಪಟ್ಟೆ ತಿರುಗುತ್ತದೆ.

ಧೂಳು ತಿರುಗಿ ರೇಡಿಯೊ ಅಲೆ ಹೊರಡಿಸಬಹುದು ಎಂದು ಎರಿಕ್ಸನ್ 1957ರಲ್ಲೇ ಬರೆದಿದ್ದರು. ಆಗ ಯಾರಿಗೂ ಅದರ ಅಗತ್ಯ ಬೀಳಲಿಲ್ಲ. ಉಬ್ಬು ಕಂಡ ಮೇಲೆ, 1998ರಲ್ಲಿ, ಬ್ರೂಸ್ ಡ್ರೇನ್ ಮತ್ತು ಅಲೆಕ್ಸ್ ಲಜೇರಿಯನ್ ಪೂರ್ತಿ ಲೆಕ್ಕ ಹಾಕಿ ತೋರಿಸಿದರು. ನಲವತ್ತು ವರ್ಷ ಒಂದು ವಿಚಾರ ಸುಮ್ನೆ ಕಾದು ಕೂತಿತ್ತು!

ಆ ಕಣಗಳು ಪಿಎಎಚ್ ಎಂಬ ಇಂಗಾಲದ ಅಣುಗಳು. ಬೆಂಜೀನ್ ಉಂಗುರಗಳು ಜೇನುಗೂಡಿನ ಹಾಗೆ ಅಂಟಿಕೊಂಡಿರುತ್ತವೆ. ಸೌದೆ ಒಲೆಯ ಮಸಿಯಲ್ಲೂ ಇದೇ ಜಾತಿಯವು ಇವೆ.

ಡಿಶ್_ಅಣ್ಣ (ಮೂಡಿಗೆರೆ)

ನಾನು ಟಿವಿ ಡಿಶ್ ಕೂರಿಸುವವನು. ಮೇಷ್ಟ್ರು ಬರೆದದ್ದು ಚೆನ್ನಾಗಿ ಅರ್ಥವಾಯಿತು. ನಮ್ಮ ಡಿಶ್ 11–12 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಜುಲೈನಲ್ಲಿ ಮಳೆ ಜೋರಾದರೆ ಸಿಗ್ನಲ್ ಹೋಗುತ್ತದೆ, ಊರೆಲ್ಲ ನನಗೆ ಫೋನ್ ಮಾಡುತ್ತಾರೆ. ಹಾಗಾದರೆ 30 ಗಿಗಾಹರ್ಟ್ಸ್‌ಗೆ ಮಳೆ ಇನ್ನೂ ಜಾಸ್ತಿ ತೊಂದರೆ ಕೊಡಬೇಕಲ್ವಾ? ಮಲೆನಾಡಿನಲ್ಲಿ ಇಂಥ ದೂರದರ್ಶಕ ಇಡಲು ಆಗುವುದೇ ಇಲ್ಲವಾ? ನನ್ನ ಹತ್ತಿರ ಹಳೆಯ ಡಿಶ್‌ಗಳು ಬೇಕಾದಷ್ಟು ಇವೆ. ಅಕ್ಕನಿಗೆ ಬೇಕಿದ್ದರೆ ಕೊಡುತ್ತೇನೆ.

ರೇಡಿಯೊ_ಕಿವಿ (ಬೆಂಗಳೂರು, ಊರು ಸಕಲೇಶಪುರ)

ಈ ಕ್ಷೇತ್ರದಲ್ಲೇ ಕೆಲಸ ಮಾಡುತ್ತೇನೆ. ಕನ್ನಡದಲ್ಲಿ ಈ ಮಾತುಕತೆ ನೋಡಿ ತುಂಬಾ ಖುಷಿಯಾಯಿತು.

ಮೊದಲು ಡಿಶ್ ಅಣ್ಣನಿಗೆ. ನಿಮ್ಮ ಊಹೆ ಸರಿ. ಮಳೆಹನಿ ಒಂದೇ ಅಲ್ಲ, ಗಾಳಿಯಲ್ಲಿರುವ ನೀರಾವಿಯೂ ಕಾಟ ಕೊಡುತ್ತದೆ. ನೀರಿನ ಅಣುವೂ ಮೇಷ್ಟ್ರು ಹೇಳಿದ ಬುಗುರಿಯೇ. ಒಂದು ಬದಿ ಧನ, ಒಂದು ಬದಿ ಋಣ. ಅದು ತಿರುಗುವ ರೀತಿ ಬದಲಾಗುವಾಗ 22 ಗಿಗಾಹರ್ಟ್ಸ್‌ನಲ್ಲಿ ಅಲೆ ಹೊರಡುತ್ತದೆ, ಅದೇ ಅಲೆಯನ್ನು ಹೀರುತ್ತದೆ ಕೂಡ. ನಮಗೆ ಬೇಕಾದ ಜಾಗದ ಪಕ್ಕದಲ್ಲೇ ನೀರು ಕೂತಿದೆ. ಅದಕ್ಕೇ ಅಮೆರಿಕದ ವಿಎಲ್‌ಎ ಎಂಬ ರೇಡಿಯೊ ದೂರದರ್ಶಕ ಸಮೂಹ ನ್ಯೂ ಮೆಕ್ಸಿಕೊದ ಒಣ ಬಯಲಿನಲ್ಲಿದೆ, ಸುಮಾರು 2100 ಮೀಟರ್ ಎತ್ತರದಲ್ಲಿ, 27 ಡಿಶ್‌ಗಳು. ಪ್ಲಾಂಕ್ ಉಪಗ್ರಹವಂತೂ 2009ರಲ್ಲಿ ವಾತಾವರಣ ಬಿಟ್ಟು ಆಚೆಗೇ ಹೋಯಿತು. ಪುಣೆ ಹತ್ತಿರದ ನಮ್ಮ ಜಿಎಂಆರ್‌ಟಿಯ 30 ಡಿಶ್‌ಗಳು ಕೆಲಸ ಮಾಡುವುದು ಒಂದೂವರೆ ಗಿಗಾಹರ್ಟ್ಸ್‌ಗಿಂತ ಕೆಳಗೆ. ಉಬ್ಬು ಅದಕ್ಕೆ ಕಾಣುವುದಿಲ್ಲ. ಆದರೆ ಸಿಂಕ್ರೊಟ್ರಾನ್ ಎಷ್ಟಿದೆ ಎಂದು ಅದು ಚೆನ್ನಾಗಿ ಹೇಳುತ್ತದೆ. ಅದು ಗೊತ್ತಿಲ್ಲದೆ ಉಬ್ಬು ಎಷ್ಟು ಎಂದು ಹೇಳಲು ಬರುವುದಿಲ್ಲ. ಹಳೆಯ ಟಿವಿ ಡಿಶ್‌ನಿಂದ ಸೂರ್ಯನನ್ನು ಹಿಡಿಯಬಹುದು, ಚಂದ್ರನನ್ನೂ ಹಿಡಿಯಬಹುದು. ಶಾಲಾ ಮಕ್ಕಳಿಗೆ ಅದನ್ನು ತೋರಿಸಿ, ದೊಡ್ಡ ಕೆಲಸ ಅದು.

ಮೇಷ್ಟ್ರೇ, ಒಂದು ಸಣ್ಣ ತಿದ್ದುಪಡಿ. ಪಿಎಎಚ್ ಎಂದು ಖಚಿತವಾಗಿ ಹೇಳುವ ಹಾಗಿಲ್ಲ. 2016ರಲ್ಲಿ ಹೆನ್ಸ್ಲಿ, ಡ್ರೇನ್ ಮತ್ತು ಮೈಸ್ನರ್ ಇಡೀ ಆಕಾಶದ ನಕ್ಷೆಗಳನ್ನು ಹೋಲಿಸಿ ನೋಡಿದರು. ಪಿಎಎಚ್ ಜಾಸ್ತಿ ಇರುವ ಕಡೆ ಉಬ್ಬೂ ಜಾಸ್ತಿ ಇರಬೇಕಿತ್ತು. ಹಾಗೆ ಕಾಣಲಿಲ್ಲ. ಒಟ್ಟು ಧೂಳಿನ ಹೊಳಪಿನ ಜೊತೆ ಉಬ್ಬು ಚೆನ್ನಾಗಿ ಹೊಂದಿಕೊಂಡಿತು. ತಿರುಗುವುದು ಮರಳಿನ ಜಾತಿಯ ಸಿಲಿಕೇಟ್ ಕಣವೂ ಆಗಿರಬಹುದು. 2018ರಲ್ಲಿ ಮೂರು ಎಳೆಯ ನಕ್ಷತ್ರಗಳ ಸುತ್ತ ನ್ಯಾನೊ ವಜ್ರಗಳೇ ಇದಕ್ಕೆ ಕಾರಣ ಎಂಬ ವಾದವೂ ಬಂತು. ತಿರುಗುತ್ತಿದೆ ಎನ್ನುವುದನ್ನು ಬಹುಪಾಲು ಜನ ಒಪ್ಪುತ್ತಾರೆ. ಯಾವುದು ತಿರುಗುತ್ತಿದೆ ಎನ್ನುವಲ್ಲಿ ಜಗಳ ಇದೆ.

ಇನ್ನು ಹೇಮಾವತಿ ತಂಗಿಗೆ. ಉಬ್ಬು ಯಾವ ಹೆಜ್ಜೆಯಲ್ಲಿ ಕರಗಿತು? ಏನು ಬದಲಿಸಿದಿರಿ? ನನಗೆ ಅದು ಬೇಕು.

ಹೇಮಾವತಿ_ದಡ (ಹಾಸನ)

ಅಣ್ಣ, ನನ್ನ 33 ಗಿಗಾಹರ್ಟ್ಸ್ ಅಳತೆ ಒಂಟಿ ದೊಡ್ಡ ಡಿಶ್‌ನದ್ದು, ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್, 100 ಮೀಟರ್. ಕೆಳಗಿನ ಆವರ್ತನದ ನಕ್ಷೆ ಮಾತ್ರ ವಿಎಲ್‌ಎಯದ್ದು. ಮೊದಲ ಸಲ ಎರಡನ್ನೂ ಹಾಗೇ ತೆಗೆದುಕೊಂಡು ಲೆಕ್ಕ ಹಾಕಿದ್ದೆ. ಎರಡನೇ ಸಲ, ಕೆಳಗಿನ ಆವರ್ತನಕ್ಕೂ ಒಂಟಿ ಡಿಶ್‌ನ ಅಳತೆ ಸೇರಿಸಿದ ನಕ್ಷೆ ಸಿಕ್ಕಿತು. ಅದನ್ನು ಹಾಕಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ಮಸುಕು ಮಾಡಿ, ಒಂದೇ ಅಳತೆಯ ವೃತ್ತದೊಳಗೆ ಕೂಡಿಸಿದೆ. ಆಗ ಉಬ್ಬು ಎರರ್ ಬಾರ್ ಒಳಗೆ, ಅಂದರೆ ಅಳತೆಯಲ್ಲಿ ಇರಬಹುದಾದ ತಪ್ಪಿನ ಮಿತಿಯೊಳಗೆ, ಮುಳುಗಿತು.

ರೇಡಿಯೊ_ಕಿವಿ (ಬೆಂಗಳೂರು, ಊರು ಸಕಲೇಶಪುರ)

ಇದನ್ನು ನೀವೇ ಕಂಡುಹಿಡಿದುಕೊಂಡಿರಾ! ಇದಕ್ಕೆ ನಾನು ಒಂದು ವರ್ಷ ತೆಗೆದುಕೊಂಡಿದ್ದೆ.

ಉಳಿದವರಿಗಾಗಿ ಬಿಡಿಸಿ ಹೇಳುತ್ತೇನೆ. ಅನೇಕ ಡಿಶ್‌ಗಳನ್ನು ಜೋಡಿಸಿದ ದೂರದರ್ಶಕ ಸಣ್ಣ ಸಣ್ಣ ವಿವರಗಳನ್ನು ಚುರುಕಾಗಿ ಕಾಣುತ್ತದೆ. ಆದರೆ ಅಗಲವಾಗಿ ಹರಡಿದ ಮಂದ ಹೊಳಪು ಅದರ ಲೆಕ್ಕಕ್ಕೆ ಬರುವುದಿಲ್ಲ. ಜರಡಿಯಲ್ಲಿ ಕಾಳು ನಿಂತು ಹಿಟ್ಟು ಬಿದ್ದುಹೋದ ಹಾಗೆ. ಒಂಟಿ ಡಿಶ್ ಕಾಳನ್ನೂ ಹಿಟ್ಟನ್ನೂ ಕೂಡಿಸಿ ತೂಗುತ್ತದೆ. ಕೆಳಗಿನ ಆವರ್ತನದಲ್ಲಿ ಬರೀ ಕಾಳು ತೂಗಿ, ಮೇಲಿನ ಆವರ್ತನದಲ್ಲಿ ಕಾಳು-ಹಿಟ್ಟು ಎರಡೂ ತೂಗಿದರೆ ಮೇಲೆ ತೂಕ ಜಾಸ್ತಿ ಬಂದೇ ಬರುತ್ತದೆ. ಅದು ಗೆಲಾಕ್ಸಿಯ ಉಬ್ಬಲ್ಲ, ತಕ್ಕಡಿಯ ವ್ಯತ್ಯಾಸ.

ಇಂಥ ಬಲೆ ಇದೊಂದೇ ಅಲ್ಲ. ಆಗಷ್ಟೇ ಹುಟ್ಟಿದ ನಕ್ಷತ್ರದ ಸುತ್ತ ಬಿಸಿ ಅನಿಲ ತುಂಬಾ ದಟ್ಟವಾಗಿದ್ದರೆ ಅದರದೇ ಕಡಿಮೆ ಆವರ್ತನದ ಅಲೆ ಹೊರಗೆ ಬರುವುದಿಲ್ಲ, ಮೇಲಿನದು ಬರುತ್ತದೆ. ಅದೂ ಉಬ್ಬಿನಂತೆ ಕಾಣುತ್ತದೆ. ಆಂಡ್ರೊಮೀಡಾ ವಿಷಯದಲ್ಲಿ ಇನ್ನೊಂದು ಕಥೆ. ಅದು ಆಕಾಶದಲ್ಲಿ ಸುಮಾರು ಮೂರು ಡಿಗ್ರಿ ಅಗಲ, ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಬ್ರಹ್ಮಾಂಡದ ಆರಂಭದ ಕಾಲದಿಂದ ಉಳಿದು ಎಲ್ಲ ದಿಕ್ಕಿನಿಂದ ಬರುವ ಹಿನ್ನೆಲೆ ವಿಕಿರಣದಲ್ಲಿ ಅಷ್ಟೇ ಗಾತ್ರದ ಏರಿಳಿತಗಳು ಸಹಜವಾಗಿಯೇ ಇವೆ. ಅಲ್ಲಿ ಒಂದು ಏರು ಇದ್ದರೆ ಅದನ್ನು ಗೆಲಾಕ್ಸಿಯ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ.

2019ರಲ್ಲಿ ಇಟಲಿಯ ಸಾರ್ಡೀನಿಯಾ ದೂರದರ್ಶಕದಲ್ಲಿ, 64 ಮೀಟರ್ ಡಿಶ್ ಅದು, ಆಂಡ್ರೊಮೀಡಾವನ್ನು 6.6 ಗಿಗಾಹರ್ಟ್ಸ್‌ನಲ್ಲಿ ಅಳೆದು, ಹಿಂದೆ ಅಡಗಿರುವ ದೂರದ ಗೆಲಾಕ್ಸಿಗಳ ಪಾಲನ್ನು ಕಳೆದು, ಉಬ್ಬು ಇದೆ ಎಂದರು. ದೊಡ್ಡ ಉಬ್ಬೇ. 2023ರಲ್ಲಿ ಸಿ-ಬಾಸ್ ಎಂಬ ರೇಡಿಯೊ ಸಮೀಕ್ಷೆಯ ತಂಡ 5 ಗಿಗಾಹರ್ಟ್ಸ್ ಸುತ್ತಿನ ಅಳತೆ ಸೇರಿಸಿ ನೋಡಿದಾಗ ಅದಕ್ಕಿಂತ ತುಂಬಾ ಕಡಿಮೆ ಬಂತು. ಒಂದೇ ಗೆಲಾಕ್ಸಿ, ನಮಗೆ ಅತಿ ಹತ್ತಿರದ ದೊಡ್ಡ ಸುರುಳಿ, ಅದರಲ್ಲೇ ಇಷ್ಟು ವ್ಯತ್ಯಾಸ. ನಿಮ್ಮ ಉಬ್ಬು ಕರಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ಕೇಶವ_ಬೀದಿ (ಬೇಲೂರು)

ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವವಳು. ವಿಭಾಗದವರ ಕಡೆಯ ಮಾತನ್ನೂ ಯಾರಾದರೂ ಹೇಳಬೇಕು.

ನೋಡಮ್ಮ, ಹೊರಗಿನ ಪರೀಕ್ಷಕರು ಬಂದು ಕೂತಾಗ ಅವರಿಗೆ ಹದಿನೈದು ನಿಮಿಷ ಸಮಯ. "ಏನು ಸಿಕ್ಕಿತು?" ಎಂದು ಕೇಳುತ್ತಾರೆ. "ಏನೂ ಇಲ್ಲ" ಎಂದರೆ ಕೆಲಸವೇ ಮಾಡಿಲ್ಲ ಎಂದುಕೊಳ್ಳುತ್ತಾರೆ. ಅಂಕ ಕಡಿಮೆಯಾದರೆ ಪಿಎಚ್.ಡಿ. ದಾರಿ ಕಷ್ಟ. ವಿಷಯ ಬದಲಿಸು ಎಂದವರು ನಿನ್ನ ಒಳ್ಳೆಯದಕ್ಕೇ ಹೇಳಿರಬಹುದು. ಹೆಣ್ಣುಮಕ್ಕಳಿಗೆ ಇನ್ನೊಂದು ವರ್ಷ ಕೇಳಿ ಪಡೆಯುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಎರಡೂವರೆ ತಿಂಗಳಲ್ಲಿ ಮುಗಿಯುವ ಬೇರೆ ಕೆಲಸ ಇದ್ದರೆ ಯೋಚನೆ ಮಾಡು.

ಗಿರಿ_ಇರುಳು (ಚಿಕ್ಕಮಗಳೂರು)

ಮೇಡಂ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಒಪ್ಪಲು ಆಗುತ್ತಿಲ್ಲ.

2020ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸಾರಸ್ ಎಂಬ ರೇಡಿಯೊ ಉಪಕರಣವನ್ನು ದಂಡಿಗಾನಹಳ್ಳಿ ಕೆರೆಯ ಮೇಲೂ ಶರಾವತಿ ಹಿನ್ನೀರಿನ ಮೇಲೂ ತೇಲಿಬಿಟ್ಟಿದ್ದರು. ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಸಿಗ್ನಲ್ ಹುಡುಕಲು. ಅದಕ್ಕೂ ಮೊದಲು, 2018ರಲ್ಲಿ, ಆಸ್ಟ್ರೇಲಿಯಾದಲ್ಲಿ ಇಟ್ಟಿದ್ದ ಎಡ್ಜಸ್ ಎಂಬ ಉಪಕರಣದವರು ಅದು ನಮಗೆ ಸಿಕ್ಕಿತು ಎಂದು ಹೇಳಿದ್ದರು. ಜಗತ್ತೆಲ್ಲ ಸುದ್ದಿಯಾಗಿತ್ತು. ನಮ್ಮವರು ನೀರಿನ ಮೇಲೆ ಅಳೆದು, ಇಲ್ಲ, ಆ ಸಿಗ್ನಲ್ ನಮಗೆ ಕಾಣುತ್ತಿಲ್ಲ ಎಂದರು. 2022ರಲ್ಲಿ 'ನೇಚರ್ ಆಸ್ಟ್ರಾನಮಿ' ಪತ್ರಿಕೆಯಲ್ಲಿ ಬಂತು. 'ಸಿಗಲಿಲ್ಲ' ಎನ್ನುವುದೇ ಅಲ್ಲಿ ದೊಡ್ಡ ಫಲಿತಾಂಶ. ಅದೂ ನಮ್ಮ ಪಕ್ಕದ ಜಿಲ್ಲೆಯ ಹಿನ್ನೀರಿನ ಮೇಲಿಂದ.

ಕೇಶವ_ಬೀದಿ (ಬೇಲೂರು)

ಸಾರಸ್ ವಿಷಯ ಸರಿ. ಆದರೆ ಅವರು ತಮ್ಮ ಉಪಕರಣ ಆ ಸಿಗ್ನಲ್ ಇದ್ದಿದ್ದರೆ ಖಂಡಿತ ಹಿಡಿಯುತ್ತಿತ್ತು ಎಂದು ಮೊದಲು ಸಾಬೀತು ಮಾಡಿದ್ದರು. ಅದಕ್ಕೇ ಅವರ 'ಇಲ್ಲ' ನಿಂತಿತು. ಈ ಹುಡುಗಿ ಅದನ್ನು ಮಾಡಿದ್ದಾಳಾ? ನನ್ನ ಪ್ರಶ್ನೆ ಅದು.

ರೇಡಿಯೊ_ಕಿವಿ (ಬೆಂಗಳೂರು, ಊರು ಸಕಲೇಶಪುರ)

ಮೇಡಂ, ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ನಾನೂ ಇದನ್ನೇ ಹೇಳಲು ಬರುತ್ತಿದ್ದೆ.

ತಂಗಿ, ಎನ್‌ಜಿಸಿ 6946 ತೆಗೆದುಕೊಳ್ಳಿ. ಎರಡು ಕೋಟಿಗೂ ಹೆಚ್ಚು ಜ್ಯೋತಿರ್ವರ್ಷ ದೂರದ ಸುರುಳಿ. 1917ರಿಂದ 2017ರವರೆಗೆ ಹತ್ತು ಸೂಪರ್‌ನೋವಾ ಕಂಡ ಗೆಲಾಕ್ಸಿ, ಪಟಾಕಿ ಗೆಲಾಕ್ಸಿ ಎಂದೇ ಹೆಸರು. ನಮ್ಮ ಗೆಲಾಕ್ಸಿಯ ಆಚೆ ಮೊದಲ ಸಲ ಉಬ್ಬು ಸಿಕ್ಕಿದ್ದು ಅಲ್ಲೇ. 2010ರಲ್ಲಿ ಎರಿಕ್ ಮರ್ಫಿ ಮತ್ತು ಜೊತೆಗಾರರು ಇದೇ ಗ್ರೀನ್ ಬ್ಯಾಂಕ್ ಡಿಶ್‌ನಲ್ಲಿ ಆ ಗೆಲಾಕ್ಸಿಯ ಹತ್ತು ಜಾಗ ನೋಡಿದರು. ಒಂದೇ ಒಂದು ಜಾಗದಲ್ಲಿ 33 ಗಿಗಾಹರ್ಟ್ಸ್ ಹೊಳಪು ಲೆಕ್ಕಕ್ಕಿಂತ ಸುಮಾರು ಎರಡು ಪಟ್ಟು ಇತ್ತು. ಉಳಿದ ಕಡೆ ಅಷ್ಟು ಖಚಿತವಾದದ್ದು ಇರಲಿಲ್ಲ. ಆಮೇಲೆ ಇಂಗ್ಲೆಂಡಿನ ಅಮಿ, ಕ್ಯಾಲಿಫೋರ್ನಿಯಾದ ಕಾರ್ಮಾ ಎಂಬ ಬೇರೆ ದೂರದರ್ಶಕ ಸಮೂಹಗಳೂ ಆ ಗೆಲಾಕ್ಸಿಯಲ್ಲಿ ಹೆಚ್ಚುವರಿ ಹೊಳಪು ಕಂಡವು. ಹಾಗಾಗಿ ಆ ಉಬ್ಬನ್ನು ನಂಬಬಹುದು.

ನಿಮ್ಮ ಈಗಿನ ಲೆಕ್ಕವನ್ನು, ಒಂದು ಅಕ್ಷರವೂ ಬದಲಿಸದೆ, ಆ ಜಾಗದ ಮೇಲೆ ಓಡಿಸಿ. ಅಲ್ಲಿರುವ ಉಬ್ಬು ನಿಮಗೂ ಸಿಗಬೇಕು. ಸಿಗದಿದ್ದರೆ ನಿಮ್ಮ ವಿಧಾನದಲ್ಲಿ ದೋಷ ಇದೆ. ಸಿಕ್ಕಿದರೆ ನಿಮ್ಮ ಗೆಲಾಕ್ಸಿಯ 'ಇಲ್ಲ' ಎಂಬ ಮಾತಿಗೆ ಬೆಲೆ ಬರುತ್ತದೆ. ಇನ್ನೊಂದು ಹೆಜ್ಜೆ ಇದೆ. ನಿಮ್ಮದೇ ಡೇಟಾಕ್ಕೆ ಕೈಯಾರೆ ಒಂದು ಸುಳ್ಳು ಉಬ್ಬು ಸೇರಿಸಿ, ಎಷ್ಟು ಸಣ್ಣದಾದರೂ ನಿಮ್ಮ ಲೆಕ್ಕ ಹಿಡಿಯುತ್ತದೆ ನೋಡಿ. ಹಿಡಿಯಲು ಆಗದ ಗಡಿ ಯಾವುದೋ ಅದೇ ನಿಮ್ಮ ಮೇಲ್ಮಿತಿ. "ಇದಕ್ಕಿಂತ ದೊಡ್ಡ ಉಬ್ಬು ಇಲ್ಲಿ ಇಲ್ಲ" ಎಂದು ಅಂಕಿ ಸಮೇತ ಬರೆಯಬಹುದು. ಪರೀಕ್ಷಕರ ಹದಿನೈದು ನಿಮಿಷಕ್ಕೆ ಆ ಒಂದು ಅಂಕಿ ಸಾಕು.

ನೀವು ಒಬ್ಬರೇ ಅಲ್ಲ ಎನ್ನುವುದೂ ಗೊತ್ತಿರಲಿ. 2011ರಲ್ಲಿ ಪ್ಲಾಂಕ್ ಡೇಟಾದಲ್ಲಿ ಎಂ82, ಎನ್‌ಜಿಸಿ 253, ಎನ್‌ಜಿಸಿ 4945 ಎಂಬ ಗೆಲಾಕ್ಸಿಗಳನ್ನು ನೋಡಿದರು, ಉಬ್ಬಿನ ಗುರುತು ಇರಲಿಲ್ಲ. 2022ರಲ್ಲಿ ಸಾರ್ಡೀನಿಯಾದಲ್ಲಿ 18.6 ಮತ್ತು 24.6 ಗಿಗಾಹರ್ಟ್ಸ್‌ನಲ್ಲಿ ನಾಲ್ಕು ಹತ್ತಿರದ ಸುರುಳಿಗಳನ್ನು ನೋಡಿದರು. ಎನ್‌ಜಿಸಿ 3627, 4254, 4736, 5055. ನಾಲ್ಕರಲ್ಲೂ ಸಿಗಲಿಲ್ಲ. ಅದನ್ನೇ ಬರೆದು ಪ್ರಕಟಿಸಿದರು.

ಡಿಶ್_ಅಣ್ಣ (ಮೂಡಿಗೆರೆ)

ಒಂದು ಅರ್ಥವಾಗಲಿಲ್ಲ ಸರ್. ನಮ್ಮ ಆಕಾಶಗಂಗೆಯಲ್ಲಿ ಇಷ್ಟು ಚೆನ್ನಾಗಿ ಕಾಣುವುದು ಪಕ್ಕದವುಗಳಲ್ಲಿ ಯಾಕೆ ಕಾಣುವುದಿಲ್ಲ? ಧೂಳು ಎಲ್ಲ ಕಡೆ ಇರುತ್ತದಲ್ವಾ?

ಗಿರಿ_ಇರುಳು (ಚಿಕ್ಕಮಗಳೂರು)

ನನಗೆ ಹೊಳೆದದ್ದು ಹೇಳುತ್ತೇನೆ. ತೋಟದ ಒಂದು ಮೂಲೆಯಲ್ಲಿ ಮಾತ್ರ ಕಾಯಿಕೊರಕ ಬಿದ್ದಿರುತ್ತದೆ. ಆ ಮೂಲೆಯ ಹಣ್ಣು ಬೇರೆ ಹಿಡಿದು ನೋಡಿದರೆ ತಕ್ಷಣ ತಿಳಿಯುತ್ತದೆ. ಇಡೀ ತೋಟದ ಹಣ್ಣನ್ನು ಒಂದೇ ಕಣದಲ್ಲಿ ಸುರಿದುಬಿಟ್ಟರೆ ಗೊತ್ತೇ ಆಗುವುದಿಲ್ಲ. ದೂರದ ಗೆಲಾಕ್ಸಿಯನ್ನು ಇಡಿಯಾಗಿ ನೋಡುವುದು ಹೀಗೇ ಅಲ್ವಾ?

ರೇಡಿಯೊ_ಕಿವಿ (ಬೆಂಗಳೂರು, ಊರು ಸಕಲೇಶಪುರ)

ಒಂದು ಮುಖ್ಯ ಕಾರಣ ಅದೇ ಸರ್. ಪ್ಲಾಂಕ್‌ನ 30 ಗಿಗಾಹರ್ಟ್ಸ್ ನೋಟ ಹುಣ್ಣಿಮೆ ಚಂದ್ರನಿಗಿಂತ ಸ್ವಲ್ಪ ಅಗಲ. ಅದರೊಳಗೆ ಎನ್‌ಜಿಸಿ 6946 ಪೂರ್ತಿ ಮುಳುಗಿಹೋಗುತ್ತದೆ. ಆಂಡ್ರೊಮೀಡಾದಂಥ ಕೆಲವು ಬಿಟ್ಟರೆ ಉಳಿದ ಗೆಲಾಕ್ಸಿಗಳೆಲ್ಲ ಅದಕ್ಕೆ ಒಂದು ಚುಕ್ಕೆ.

ಆದರೆ ಅಷ್ಟೇ ಕಾರಣ ಎಂದು ನಾನು ನಂಬುವುದಿಲ್ಲ. ಜಾಗ ಜಾಗವಾಗಿ ನೋಡಿದಾಗಲೂ ಕಡಿಮೆ ಕಡೆ ಸಿಗುತ್ತಿದೆ. 2018ರಲ್ಲಿ ಎನ್‌ಜಿಸಿ 4725 ಎಂಬ ಸುರುಳಿಯಲ್ಲಿ ವಿಎಲ್‌ಎ ಒಂದು ಚುಕ್ಕೆ ಕಂಡಿತು. ಅದರ ಗ್ರಾಫ್ ತಿರುಗುವ ಧೂಳಿನದರ ಹಾಗೇ ಇತ್ತು. ಮಾಮೂಲಿ ಬೆಳಕಿನ ಚಿತ್ರದಲ್ಲಿ ಆ ಜಾಗದಲ್ಲಿ ಏನೂ ಕಾಣುವುದಿಲ್ಲ! ನಕ್ಷತ್ರಗಳು ಧೂಳಿನೊಳಗೆ ಇನ್ನೂ ಹೂತುಕೊಂಡಿರುವ ತೀರಾ ಎಳೆಯ ಜಾಗ ಇರಬಹುದು ಎಂದರು. ಹಾಗಿದ್ದರೆ ನಾವು ಹೊಳೆಯುವ, ಸುಲಭವಾಗಿ ಕಾಣುವ ಜಾಗಗಳನ್ನೇ ಹುಡುಕುತ್ತಾ ಇದ್ದೇವೆ. ಅಲ್ಲಿ ನಕ್ಷತ್ರದ ಬೆಳಕಿಗೆ ಸಿಕ್ಕು ಆ ಪುಟ್ಟ ಕಣಗಳು ಆಗಲೇ ಒಡೆದುಹೋಗಿರಬಹುದು. ಇದು ನನ್ನ ಅನಿಸಿಕೆ.

ಇದು ಬಗೆಹರಿಯುವುದು ಬರೀ ಕುತೂಹಲಕ್ಕಲ್ಲ. ದೂರದ ಗೆಲಾಕ್ಸಿಯಲ್ಲಿ ಎಷ್ಟು ನಕ್ಷತ್ರ ಹುಟ್ಟುತ್ತಿವೆ ಎಂದು ಎಣಿಸಲು 33 ಗಿಗಾಹರ್ಟ್ಸ್ ತುಂಬಾ ಒಳ್ಳೆಯದು. ಧೂಳು ಅದನ್ನು ತಡೆಯುವುದಿಲ್ಲ. ಆದರೆ ಅದರೊಳಗೆ ತಿರುಗುವ ಧೂಳಿನ ಪಾಲೂ ಸೇರಿಕೊಂಡಿದ್ದರೆ ನಮ್ಮ ಎಣಿಕೆಯೇ ತಪ್ಪುತ್ತದೆ.

ಅರಸೀಕೆರೆ_ಮೇಷ್ಟ್ರು

ಪಿಎಎಚ್ ವಿಷಯ ತಿದ್ದಿದ್ದಕ್ಕೆ ಧನ್ಯವಾದ. ನನ್ನ ಓದು ಹಳೆಯದಾಗಿತ್ತು.

ಇನ್ನೊಂದು ಹೇಳಬೇಕು ಎನಿಸಿತು. ಪಕ್ಕದ ಗೆಲಾಕ್ಸಿಗಳ ಚರ್ಚೆಯಲ್ಲಿ ನಮ್ಮ ಗೆಲಾಕ್ಸಿಯ ಉಬ್ಬುಗಳು ಆಕಾಶದಲ್ಲಿ ಎಲ್ಲಿವೆ ಎಂದು ಯಾರೂ ಬರೆಯಲಿಲ್ಲ. ನಕ್ಷೆ ಹಿಡಿದು ಹುಡುಕಿದೆ. ಅತಿ ಚೆನ್ನಾಗಿ ಅಳೆದಿರುವ ಎರಡು ಮೋಡಗಳು ಪರ್ಸಿಯಸ್ ಮೋಡ ಮತ್ತು ರೋ ಒಫಿಯುಕಿ ಮೋಡ. ಮೊದಲನೆಯದು ಕೃತ್ತಿಕೆಯಿಂದ ಸ್ವಲ್ಪ ಉತ್ತರಕ್ಕೆ. ಎರಡನೆಯದು ಜ್ಯೇಷ್ಠಾ ನಕ್ಷತ್ರದ ಮಗ್ಗುಲಲ್ಲೇ. ಮೂರನೆಯದು ಲ್ಯಾಂಬ್ಡಾ ಒರಾಯನಿಸ್ ಸುತ್ತಿನ ದೊಡ್ಡ ಧೂಳಿನ ಉಂಗುರ. ಆ ನಕ್ಷತ್ರ ಯಾವುದು ಗೊತ್ತಾ? ನಮ್ಮ ಮೃಗಶಿರಾ! ಮೃಗಶಿರಾ ಮಳೆ, ಕೃತ್ತಿಕಾ ಮಳೆ ಎಂದು ಲೆಕ್ಕ ಇಟ್ಟ ನಕ್ಷತ್ರಗಳ ಪಕ್ಕದಲ್ಲೇ ಈ ಪುಟ್ಟ ಬುಗುರಿಗಳು ತಿರುಗುತ್ತಿವೆ. ನನಗೆ ಎಪ್ಪತ್ತೊಂದು ವರ್ಷ. ನಿನ್ನೆ ರಾತ್ರಿ ಇದನ್ನು ತಿಳಿದು ಮಹಡಿ ಹತ್ತಿ ಬಹಳ ಹೊತ್ತು ನಿಂತಿದ್ದೆ.

ಗಿರಿ_ಇರುಳು (ಚಿಕ್ಕಮಗಳೂರು)

ಮೇಷ್ಟ್ರೇ, ಮೈ ಜುಮ್ಮೆಂದಿತು. ಅಷ್ಟು ವರ್ಷದಿಂದ ಮೃಗಶಿರಾ ನೋಡಿದ್ದೇನೆ, ಇದು ಗೊತ್ತಿರಲಿಲ್ಲ.

ಹೇಮಾವತಿ_ದಡ (ಹಾಸನ)

ನಾಲ್ಕು ವಾರ ಆಯಿತು, ಕ್ಷಮಿಸಿ. ರಾತ್ರಿಯೆಲ್ಲ ಲೆಕ್ಕ ಓಡಿಸುತ್ತಿದ್ದೆ. ಹಾಸ್ಟೆಲ್‌ನಲ್ಲಿ ಕರೆಂಟ್ ಹೋದಾಗಲೆಲ್ಲ ಮತ್ತೆ ಮೊದಲಿಂದ.

ಅಣ್ಣ ಹೇಳಿದ ಹಾಗೆ ಎನ್‌ಜಿಸಿ 6946ರ ಹತ್ತೂ ಜಾಗಗಳ ಮೇಲೆ ಓಡಿಸಿದೆ. ಯಾವ ಜಾಗ ಯಾವುದು ಎಂದು ನನಗೇ ಗೊತ್ತಾಗಬಾರದು ಎಂದು ಗೆಳತಿಯ ಕೈಯಲ್ಲಿ ಹೆಸರು ಅಳಿಸಿ, ಅಂಕಿ ಹಾಕಿಸಿ, ಕಲಸಿ ಕೊಡಲು ಹೇಳಿದ್ದೆ. ಏಳನೆಯ ಅಂಕಿಯ ಜಾಗದಲ್ಲಿ ಉಬ್ಬು ಎದ್ದು ನಿಂತಿತು. ಗೆಳತಿ ಚೀಟಿ ಬಿಚ್ಚಿದಳು. ಅದೇ ಜಾಗ! 2010ರಲ್ಲಿ ಅವರಿಗೆ ಸಿಕ್ಕಿದ್ದೇ ಜಾಗ. ಇಬ್ಬರೂ ಹಾಸ್ಟೆಲ್ ಕಾರಿಡಾರಿನಲ್ಲಿ ಕೂಗಿಕೊಂಡೆವು.

ಆಮೇಲೆ ನನ್ನ ಗೆಲಾಕ್ಸಿಗೆ ಸುಳ್ಳು ಉಬ್ಬು ಸೇರಿಸಿ ನೋಡಿದೆ. ದೊಡ್ಡದು ತಕ್ಷಣ ಸಿಗುತ್ತದೆ. ಸಣ್ಣದು ಮಾಡುತ್ತಾ ಹೋದರೆ ಒಂದು ಗಡಿಯಲ್ಲಿ ಕಳೆದುಹೋಗುತ್ತದೆ. ಎಲ್ಲ ಜಾಗಕ್ಕೂ ಆ ಗಡಿ ಒಂದೇ ಅಲ್ಲ. ಸಿಂಕ್ರೊಟ್ರಾನ್ ಜಾಸ್ತಿ ಇರುವ ನಡುಭಾಗದಲ್ಲಿ ನನ್ನ 'ಇಲ್ಲ' ತೀರಾ ದುರ್ಬಲ. ತೋಳುಗಳ ತುದಿಯಲ್ಲಿ ಗಟ್ಟಿ. ಇದು ನನಗೆ ಮೊದಲು ಗೊತ್ತೇ ಇರಲಿಲ್ಲ. ಈಗ ಪ್ರತಿ ಜಾಗದ ಎದುರೂ ಒಂದು ಮೇಲ್ಮಿತಿ ಇರುವ ಪಟ್ಟಿ ನನ್ನ ಹತ್ತಿರ ಇದೆ.

ವಿಭಾಗದಲ್ಲಿ ತೋರಿಸಿದೆ. ಪೂರ್ತಿ ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಪಟ್ಟಿಯನ್ನು ಎರಡು ಸಲ ನೋಡಿ "ನಡುಭಾಗಕ್ಕೆ ಯಾಕೆ ಇಷ್ಟು ಕೆಟ್ಟದಾಗಿದೆ?" ಎಂದು ಕೇಳಿದರು. ವಿಷಯ ಬದಲಿಸು ಎಂದು ಮಾತ್ರ ಮತ್ತೆ ಹೇಳಲಿಲ್ಲ. ಬೇಲೂರಿನ ಮೇಡಂ, ನಿಮ್ಮ ಪ್ರಶ್ನೆಯನ್ನೇ ವರದಿಯ ಮೂರನೇ ಅಧ್ಯಾಯದ ಶೀರ್ಷಿಕೆ ಮಾಡಿದ್ದೇನೆ: 'ಇದ್ದಿದ್ದರೆ ಸಿಗುತ್ತಿತ್ತೇ?'

ಕೇಶವ_ಬೀದಿ (ಬೇಲೂರು)

ಓದಿ ಕಣ್ಣು ತುಂಬಿ ಬಂತಮ್ಮ. ವಿಷಯ ಬದಲಿಸುವ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸೆಮಿನಾರಿಗೆ ಮೊದಲು ಒಂದು ಸಲ ನನ್ನ ಎದುರು ಹದಿನೈದು ನಿಮಿಷ ಹೇಳಿ ಅಭ್ಯಾಸ ಮಾಡು. ಪರೀಕ್ಷಕರ ಹಾಗೇ ಪ್ರಶ್ನೆ ಕೇಳುತ್ತೇನೆ.

ರೇಡಿಯೊ_ಕಿವಿ (ಬೆಂಗಳೂರು, ಊರು ಸಕಲೇಶಪುರ)

ಹೆಸರು ಅಳಿಸಿ ಕಲಸಿದ್ದು ನಾನು ಹೇಳಿಕೊಟ್ಟದ್ದಲ್ಲ. ಅದು ನಿಮ್ಮದೇ ಬುದ್ಧಿ, ವರದಿಯಲ್ಲಿ ಮರೆಯದೆ ಬರೆಯಿರಿ. ನಡುಭಾಗದ ಮಿತಿ ಗಟ್ಟಿಯಾಗಬೇಕಾದರೆ 15 ಗಿಗಾಹರ್ಟ್ಸ್ ಸುತ್ತ ಒಂದು ಅಳತೆ ಬೇಕು. ಸಿಂಕ್ರೊಟ್ರಾನ್ ಎಲ್ಲಿ ಮುಗಿಯುತ್ತದೆ, ಉಬ್ಬು ಎಲ್ಲಿ ಶುರುವಾಗುತ್ತದೆ ಎಂದು ಅಲ್ಲಿ ತಿಳಿಯುತ್ತದೆ. ವಿಎಲ್‌ಎ ಭಂಡಾರದಲ್ಲಿ ನಿಮ್ಮ ಗೆಲಾಕ್ಸಿಯದ್ದು ಇದೆಯಾ ನೋಡಿ. ಗೆಲಾಕ್ಸಿಯ ಹೆಸರು ಈಗ ನನಗಾದರೂ ಹೇಳಿ, ಖಾಸಗಿಯಾಗಿ!

ಗಿರಿ_ಇರುಳು (ಚಿಕ್ಕಮಗಳೂರು)

ಡಿಸೆಂಬರ್ ಅಮಾವಾಸ್ಯೆಗೆ ಎಲ್ಲರೂ ನಮ್ಮ ತೋಟಕ್ಕೆ ಬನ್ನಿ. ಹೇಮಾವತಿ, ಅಪ್ಪ ಅಮ್ಮನನ್ನು ಕರೆದುಕೊಂಡು ಬಾ, ಗೆಳತಿಯನ್ನೂ. ಸಂಜೆ ಎಂಟರ ಹೊತ್ತಿಗೆ ಆಂಡ್ರೊಮೀಡಾ ನೆತ್ತಿಯಿಂದ ಉತ್ತರಕ್ಕೆ, ಎತ್ತರದಲ್ಲಿ ಇರುತ್ತದೆ. ಕೃತ್ತಿಕೆ ಮೇಲೆ ಬಂದಿರುತ್ತದೆ, ಮೃಗಶಿರಾ ಪೂರ್ವದಲ್ಲಿ ಏರುತ್ತಿರುತ್ತದೆ. ಜ್ಯೇಷ್ಠಾ ಮಾತ್ರ ಆಗ ಸೂರ್ಯನ ಜೊತೆ, ಕಾಣುವುದಿಲ್ಲ. ಅದಕ್ಕೆ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಬರಬೇಕು. ಚಳಿ ಜಾಸ್ತಿ, ಕಂಬಳಿ ಇದೆ. ಮೇಷ್ಟ್ರಿಗೆ ಅರಸೀಕೆರೆಯಿಂದ ಕಾರು ಕಳಿಸುತ್ತೇನೆ.

ಡಿಶ್_ಅಣ್ಣ (ಮೂಡಿಗೆರೆ)

ನಾನು ಒಂದು ಹಳೆಯ ಡಿಶ್, ಮೀಟರ್ ಮತ್ತು ಬ್ಯಾಟರಿ ತರುತ್ತೇನೆ. ಸ್ವಲ್ಪ ಬೇಗ ಬಂದರೆ ಮುಳುಗುವ ಮೊದಲು ಸೂರ್ಯನ ಕಡೆ ತಿರುಗಿಸಿ ಮುಳ್ಳು ಏರುವುದನ್ನು ತೋರಿಸಬಹುದು. ಪಕ್ಕದ ಶಾಲೆಯ ಮಕ್ಕಳನ್ನೂ ಕರೆಯಲಾ ಗಿರಿ ಸರ್?